ಫೀಸು ಕಟ್ಟುವ ಮೊದಲು ಹಳೆಯ ಪಿಎಫ್ ಚೀಟಿ ಹುಡುಕಿ

ಪ್ರಶ್ನೆ: ಅಕ್ಕಾ, ನನಗೆ 49 ವರ್ಷ. 1997ರಲ್ಲಿ ಬಿ.ಕಾಂ. ಮುಗಿಸಿದೆ. ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪಾಸಾಗಿದೆ. 1998ರಿಂದ 2004ರವರೆಗೆ ಒಂದು ರೈಸ್ ಮಿಲ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಕಂಪ್ಯೂಟರ್‌ನಲ್ಲಿ ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಬರುತ್ತಿತ್ತು. ಎರಡನೇ ಮಗು ಆದಮೇಲೆ, ಅತ್ತೆಗೆ ಪಾರ್ಶ್ವವಾಯು ಹೊಡೆದದ್ದರಿಂದ ಕೆಲಸ ಬಿಟ್ಟೆ. ಈಗ ಅತ್ತೆ ಇಲ್ಲ. ಮಕ್ಕಳು ಕಾಲೇಜಿನಲ್ಲಿದ್ದಾರೆ. ಹೋದ ವರ್ಷ ಯಜಮಾನರ ಹೃದಯಕ್ಕೆ ಸ್ಟೆಂಟ್ ಹಾಕಿದರು. ಒಬ್ಬರ ಸಂಬಳ ನಂಬಿ ಕೂರಲು ಭಯ ಆಗುತ್ತದೆ. ಒಂದು ಆಫೀಸಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ಅಲ್ಲಿದ್ದ ಹುಡುಗ "ಆಂಟಿ, ಇಪ್ಪತ್ತು ವರ್ಷ ಮನೆಯಲ್ಲಿ ಏನ್ ಮಾಡ್ತಿದ್ರಿ?" ಅಂತ ಕೇಳಿದ. ಉತ್ತರ ಬಾಯಿಗೆ ಬರಲಿಲ್ಲ. ಈಗ ಒಂದು ಇನ್‌ಸ್ಟಿಟ್ಯೂಟ್‌ನವರು 32,000 ರೂಪಾಯಿ ಕಟ್ಟಿದರೆ ಆರು ತಿಂಗಳ ಡಿಪ್ಲೊಮಾ, ಕೆಲಸ ಗ್ಯಾರಂಟಿ ಅನ್ನುತ್ತಿದ್ದಾರೆ. ಕಟ್ಟಲಾ? ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದ ಲೆಕ್ಕ 11 ವರ್ಷದಿಂದ ನಾನೇ ಬರೆಯುತ್ತಿದ್ದೇನೆ, ಅದೇನು ದೊಡ್ಡ ಕೆಲಸ ಅಲ್ಲ ಬಿಡಿ. ಯಜಮಾನರು "ಈ ವಯಸ್ಸಲ್ಲಿ ಯಾಕೆ ಕಷ್ಟ" ಅನ್ನುತ್ತಾರೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ತಂಗಿ, ಮೊದಲು ಆ ಕೊನೆಯ ಸಾಲುಗಳ ಹತ್ತಿರ ಬರೋಣ. "ಅದೇನು ದೊಡ್ಡ ಕೆಲಸ ಅಲ್ಲ ಬಿಡಿ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ನಿಜವಾಗಿ ಸಂಕಟ ಆಯಿತು.

ವಾರ ವಾರ ಉಳಿತಾಯದ ದುಡ್ಡು ಎಣಿಸಿ ಬರೆದಿದ್ದೀರಿ. ಯಾರಿಗೆ ಎಷ್ಟು ಸಾಲ, ಎಷ್ಟು ಬಡ್ಡಿ, ಯಾವ ಕಂತು ಬಾಕಿ, ಎಲ್ಲ ನಿಮ್ಮ ಪುಸ್ತಕದಲ್ಲಿದೆ. ಬ್ಯಾಂಕಿನ ಪಾಸ್‌ಬುಕ್ಕಿಗೂ ನಿಮ್ಮ ಪುಸ್ತಕಕ್ಕೂ ತಾಳೆ ನೋಡಿದ್ದೀರಿ. ಕಂಪನಿಗಳಲ್ಲಿ ಇದೇ ಕೆಲಸಕ್ಕೆ ಬ್ಯಾಂಕ್ ರಿಕನ್ಸಿಲಿಯೇಶನ್ ಅಂತ ಹೆಸರಿಟ್ಟು ಸಂಬಳ ಕೊಡುತ್ತಾರೆ. 11 ವರ್ಷ ಊರ ಹೆಂಗಸರ ದುಡ್ಡು ನಿಮ್ಮ ಕೈಯಲ್ಲಿ ಓಡಾಡಿದೆ, ಒಬ್ಬರೂ ಜಗಳಕ್ಕೆ ಬಂದಿಲ್ಲ ಅಂದರೆ ಲೆಕ್ಕ ಸರಿಯಾಗಿತ್ತು ಅಂತಲೇ ಅರ್ಥ ಅಲ್ವಾ?

ಹಾಗಾಗಿ ಬಯೋಡೇಟಾದಲ್ಲಿ 2004ರ ನಂತರದ ಜಾಗ ಖಾಲಿ ಬಿಡಬೇಡಿ. "ಸ್ತ್ರೀಶಕ್ತಿ ಸಂಘದ ಲೆಕ್ಕಪತ್ರ ನಿರ್ವಹಣೆ, 11 ವರ್ಷ" ಅಂತ ಬರೆಯಿರಿ. ಎಷ್ಟು ಸದಸ್ಯೆಯರು, ಬ್ಯಾಂಕಿನಿಂದ ಒಟ್ಟು ಎಷ್ಟು ಸಾಲ ಪಡೆದು ತೀರಿಸಿದಿರಿ, ಆ ಅಂಕಿಯನ್ನೂ ಹಾಕಿ. ಸಂಘದ ಅಧ್ಯಕ್ಷೆಯಿಂದ ಒಂದು ಪತ್ರ ಬರೆಸಿ, ಸೀಲು ಹಾಕಿಸಿಕೊಳ್ಳಿ. ಮುಂದಿನ ಸಲ ಯಾರಾದರೂ "ಏನ್ ಮಾಡ್ತಿದ್ರಿ" ಅಂತ ಕೇಳಿದರೆ ಆ ಪುಸ್ತಕದ ಒಂದು ಪುಟ ತೆಗೆದು ಮುಂದಿಡಿ. ಅತ್ತೆಯನ್ನು ನೋಡಿಕೊಂಡೆ ಅಂತಲೂ ಹೇಳಿ. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ನನ್ನ ವಿಷಯ ಸ್ವಲ್ಪ ಹೇಳುತ್ತೇನೆ. ನಾನು 1987ರಲ್ಲಿ ಮದುವೆಯಾಗಿ ಒಂದು ಲಾರಿ ಆಫೀಸಿನ ಗುಮಾಸ್ತೆ ಕೆಲಸ ಬಿಟ್ಟವಳು. 2006ರಲ್ಲಿ ನಮ್ಮ ಅಂಗಡಿ ಮುಚ್ಚಬೇಕಾಗಿ ಬಂತು. ಆಗ ನನಗೆ 44. ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕಕ್ಕೆ ಜನ ಬೇಕು ಅಂತ ಗೊತ್ತಾಯಿತು. ಮೂವರು ಹುಡುಗರು ಕಂಪ್ಯೂಟರ್ ಮುಂದೆ ಕೂತಿದ್ದರು. ನನಗೆ ಮೌಸ್ ಹಿಡಿದರೆ ಕೈ ನಡುಗುತ್ತಿತ್ತು. ಮೊದಲ ವಾರ ರಾತ್ರಿ ಮಲಗಿದರೂ ಅದೇ ಯೋಚನೆ, ನಾಳೆ ಹೋಗಲಾ ಬೇಡವಾ ಅಂತ.

ಎರಡನೇ ವಾರದ ಶನಿವಾರ. ಸಂಜೆ ಆರೂವರೆ. ರೈತರಿಗೆ ಕೊಟ್ಟ ಪಟ್ಟಿಗಳ ಮೊತ್ತಕ್ಕೂ ಕಂಪ್ಯೂಟರ್ ತೋರಿಸುತ್ತಿದ್ದ ಮೊತ್ತಕ್ಕೂ 270 ರೂಪಾಯಿ ವ್ಯತ್ಯಾಸ. ಹುಡುಗರು ಒಂದು ಗಂಟೆಯಿಂದ ಹುಡುಕುತ್ತಿದ್ದರು. ಮಂಡಿಯ ಯಜಮಾನರು ಎದ್ದು ಹೊರಡಲು ಆಗದೆ ಅಲ್ಲೇ ಓಡಾಡುತ್ತಿದ್ದರು. ನನಗೆ ಹಳೆಯ ಆಫೀಸಿನ ಅಕೌಂಟೆಂಟರು ಕಲಿಸಿದ್ದು ನೆನಪಾಯಿತು: ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡು, ಶೇಷ ಇಲ್ಲದೆ ಭಾಗ ಹೋದರೆ ಯಾವುದೋ ಅಂಕಿ ಹಿಂದೆ ಮುಂದೆ ಆಗಿರಬಹುದು. 270 ಭಾಗಿಸು 9, ಸರಿಯಾಗಿ 30. ಅಂದರೆ ಹತ್ತರ ಮನೆಯ ಅಂಕಿ ನೂರರ ಮನೆಗೆ, ನೂರರದ್ದು ಹತ್ತರ ಮನೆಗೆ ಹೋಗಿರಬೇಕು. ಎರಡು ಅಂಕಿಗಳ ನಡುವೆ ಮೂರರ ಅಂತರ ಇರಬೇಕು. ಪಟ್ಟಿಗಳ ಕಟ್ಟು ತೆಗೆದುಕೊಂಡು ಆ ಎರಡು ಮನೆ ಮಾತ್ರ ನೋಡುತ್ತಾ ಹೋದೆ. ಹತ್ತು ನಿಮಿಷಕ್ಕೆ ಸಿಕ್ಕಿತು. ಪಟ್ಟಿಯಲ್ಲಿ 4,850, ಕಂಪ್ಯೂಟರ್‌ನಲ್ಲಿ 4,580. ರಾಶಿ ಅಡಿಕೆಯ ಪಟ್ಟಿ ಅದು, ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸೋಮವಾರದಿಂದ ಆ ಹುಡುಗರೇ ನನಗೆ ಟ್ಯಾಲಿ ಕಲಿಸಿದರು. ನಾನು ಅವರಿಗೆ ತಾಳೆ ನೋಡುವುದು ಕಲಿಸಿದೆ. 2022ರವರೆಗೆ ಅಲ್ಲೇ ಇದ್ದೆ.

ಇದನ್ನು ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, ನಿಮ್ಮ ಕೈಯಲ್ಲೂ ಇಂಥ ವಿದ್ಯೆ ಇದೆ. ಡೆಬಿಟ್ ಕ್ರೆಡಿಟ್ 2004ರಲ್ಲಿ ಹೇಗಿತ್ತೋ ಈಗಲೂ ಹಾಗೇ ಇದೆ. ಟ್ಯಾಲಿ ನೋಡಲು ಬೇರೆ ಥರ ಆಗಿದೆ, 2020ರಿಂದ ಟ್ಯಾಲಿಪ್ರೈಮ್ ಅಂತ ಹೆಸರು. ಆದರೆ ಪೇಮೆಂಟಿಗೆ ಎಫ್5, ರಿಸೀಟಿಗೆ ಎಫ್6, ಜರ್ನಲ್‌ಗೆ ಎಫ್7, ಸೇಲ್ಸ್‌ಗೆ ಎಫ್8, ಪರ್ಚೇಸ್‌ಗೆ ಎಫ್9. ನಿಮ್ಮ ಬೆರಳಿಗೆ ಇದು ನೆನಪಿರುತ್ತದೆ, ನೋಡಿ. ಹೊಸದಾಗಿ ಆಲ್ಟ್ ಜೊತೆ ಜಿ ಒತ್ತಿದರೆ ಬೇಕಾದ ಕಡೆ ನೇರವಾಗಿ ಹೋಗಬಹುದು. ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಂಡು ಎಜುಕೇಷನಲ್ ಮೋಡ್‌ನಲ್ಲಿ ಪುಕ್ಕಟೆಯಾಗಿ ಅಭ್ಯಾಸ ಮಾಡಬಹುದು. ಅದರಲ್ಲಿ ತಿಂಗಳ 1, 2ನೇ ತಾರೀಖಿನಂಥ ಕೆಲವೇ ದಿನಗಳ ಎಂಟ್ರಿ ಹಾಕಲು ಬಿಡುತ್ತದೆ. ಕಲಿಯಲು ಅಷ್ಟು ಸಾಕು. ಸ್ತ್ರೀಶಕ್ತಿ ಸಂಘದ ಒಂದು ವರ್ಷದ ಲೆಕ್ಕವನ್ನೇ, ತಾರೀಖು ಮಾತ್ರ 1 ಅಥವಾ 2 ಅಂತ ಕೊಟ್ಟು, ಅದರಲ್ಲಿ ಹಾಕಿ ನೋಡಿ. ಮಕ್ಕಳ ಲ್ಯಾಪ್‌ಟಾಪ್ ಇದ್ದೇ ಇರುತ್ತದೆ.

ಬದಲಾಗಿರುವುದು ತೆರಿಗೆ. ನೀವು ಬಿಟ್ಟಾಗ ರಾಜ್ಯದ ಒಳಗಿನ ಮಾರಾಟಕ್ಕೆ ಕೆಎಸ್‌ಟಿ, ಹೊರರಾಜ್ಯದ ಮಾರಾಟಕ್ಕೆ ಸಿಎಸ್‌ಟಿ ಅನ್ನುವ ತೆರಿಗೆ ಇತ್ತು. 2005ರ ಏಪ್ರಿಲ್‌ನಲ್ಲಿ ವ್ಯಾಟ್ ಬಂತು, 2017ರ ಜುಲೈ 1ರಿಂದ ಜಿಎಸ್‌ಟಿ. ನೀವು ವ್ಯಾಟ್ ಅನ್ನೋದನ್ನೇ ನೋಡಲಿಲ್ಲ. ಪರವಾಗಿಲ್ಲ, ಅದು ಈಗ ಬೇಕಾಗಿಲ್ಲ.

ನಿಮಗೆ ಸಿ ಫಾರಂ ನೆನಪಿದೆಯಾ, ಹೊರರಾಜ್ಯದ ಪಾರ್ಟಿ ಕಳಿಸಿದರೆ ಕಡಿಮೆ ತೆರಿಗೆ ಸಾಕಾಗುತ್ತಿದ್ದ ಆ ಕಾಗದ? ಹೊರರಾಜ್ಯಕ್ಕೆ ಅಕ್ಕಿ ಕಳಿಸಿ, ಆಮೇಲೆ ಪಾರ್ಟಿಗೆ ಫೋನ್ ಮೇಲೆ ಫೋನ್ ಮಾಡಿ "ಸಿ ಫಾರಂ ಕಳಿಸಿ ಸಾರ್" ಅಂತ ಬೇಡಿಕೊಂಡಿರುತ್ತೀರಿ. ಬಾರದೇ ಇದ್ದರೆ ಪೂರ್ತಿ ತೆರಿಗೆ ಮಿಲ್ಲಿನ ತಲೆಯ ಮೇಲೆ. ಈಗ ಅದೇ ಕೆಲಸ ತಿರುಗಿ ನಿಂತಿದೆ. ನಮಗೆ ಮಾಲು ಮಾರಿದವನು ತನ್ನ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ನಮ್ಮ ಬಿಲ್ಲು ತೋರಿಸಬೇಕು. ತೋರಿಸಿದರೆ ಮುಂದಿನ ತಿಂಗಳ 14ಕ್ಕೆ ನಮ್ಮ ಖರೀದಿ ಬಿಲ್ಲುಗಳನ್ನು ತೋರಿಸುವ 2ಬಿ ಪಟ್ಟಿಯಲ್ಲಿ ಬರುತ್ತದೆ. ಬರದಿದ್ದರೆ ನಾವು ಕೊಟ್ಟ ತೆರಿಗೆಯ ಕ್ರೆಡಿಟ್, ಅಂದರೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುವ ಅವಕಾಶ, ನಮಗೆ ಸಿಗುವುದಿಲ್ಲ. ಆಗ ಅವನಿಗೆ ಫೋನ್ ಮಾಡಬೇಕು, ಬೇಜಾರಾಗದ ಹಾಗೆ ಮಾತಾಡಬೇಕು, ಬಿಡದೆ ಕೇಳಬೇಕು. ಈ ಕೆಲಸ ಇಪ್ಪತ್ತೆರಡು ವರ್ಷದ ಮಕ್ಕಳಿಗೆ ಸುಲಭಕ್ಕೆ ಬರುವುದಿಲ್ಲ. ಸಿ ಫಾರಂ ವಸೂಲಿ ಮಾಡಿದವರಿಗೆ ಬರುತ್ತದೆ.

ಒಂದು ಬಿಲ್ಲು ಕೈಗೆ ತೆಗೆದುಕೊಳ್ಳಿ. ಅಂಗಡಿಯದ್ದೇ ಆಗಲಿ. ಜಿಎಸ್‌ಟಿ ನಂಬರ್ 15 ಅಕ್ಷರದ್ದು. ಮೊದಲ ಎರಡು 29 ಇದ್ದರೆ ಕರ್ನಾಟಕ. ಆಮೇಲಿನ ಹತ್ತು ಆ ವ್ಯಾಪಾರಿಯ ಪ್ಯಾನ್. ಕರ್ನಾಟಕದ ಒಳಗೇ ಮಾರಿದ್ದರೆ ತೆರಿಗೆ ಅರ್ಧ ಕೇಂದ್ರದ ಸಿಜಿಎಸ್‌ಟಿ, ಅರ್ಧ ರಾಜ್ಯದ ಎಸ್‌ಜಿಎಸ್‌ಟಿ. ಹೊರರಾಜ್ಯಕ್ಕೆ ಮಾರಿದ್ದರೆ ಪೂರ್ತಿ ಐಜಿಎಸ್‌ಟಿ. ಹೀಗೆ ದಿನಕ್ಕೆ ಐದು ಬಿಲ್ಲು ಓದಿ. ನಿಮ್ಮ ಊರಿನ ಅಕ್ಕಿ ಚೀಲವನ್ನೇ ನೋಡಿ. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಅಕ್ಕಿಗೆ 5% ತೆರಿಗೆ. ಅದಕ್ಕೇ ಅಂಗಡಿಗಳಲ್ಲಿ 26 ಕೆ.ಜಿ. ಚೀಲ ಕಾಣಿಸಿಕೊಂಡಿತು. ರೈಸ್ ಮಿಲ್ಲಿನಲ್ಲಿ ಆರು ವರ್ಷ ಕೂತವರಿಗೆ ಇದು ತಕ್ಷಣ ಹೊಳೆಯುತ್ತದೆ.

ಈಗ 32,000ದ ವಿಷಯ. ಕಟ್ಟಬೇಡಿ. ಕನಿಷ್ಠ ಈಗಲೇ ಕಟ್ಟಬೇಡಿ.

2006ರಲ್ಲಿ ನಾನೂ ಒಂದು ಕಡೆ ಕಂಪ್ಯೂಟರ್ ಕಲಿಯಲು 6,500 ಕಟ್ಟಿದ್ದೆ. ಆಗ ಅದು ನನಗೆ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ. ಮೂರು ತಿಂಗಳು ಚಿತ್ರ ಬಿಡಿಸುವುದು, ಪತ್ರಕ್ಕೆ ಬಣ್ಣ ಹಚ್ಚುವುದು ಕಲಿಸಿ ಒಂದು ಹೊಳೆಯುವ ಕಾಗದ ಕೊಟ್ಟರು. ಮಂಡಿಯಲ್ಲಿ ಅದನ್ನು ಯಾರೂ ಕೇಳಲೂ ಇಲ್ಲ. ಆ ದುಡ್ಡು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಹೇಳುತ್ತಿದ್ದೇನೆ. ಕೆಲಸ ಗ್ಯಾರಂಟಿ ಅನ್ನುವವರನ್ನು ಒಂದೇ ಮಾತು ಕೇಳಿ: "ಪರೀಕ್ಷೆ ನಡೆಸುವವರು ಯಾರು? ನೀವೇನಾ, ಹೊರಗಿನವರಾ?" ತಾವೇ ಕಲಿಸಿ, ತಾವೇ ಪರೀಕ್ಷೆ ಮಾಡಿ, ತಾವೇ ಕೊಡುವ ಕಾಗದಕ್ಕೆ ಆಚೆ ಬೆಲೆ ಕಡಿಮೆ. ಹೊರಗಿನವರಾದರೆ ಆ ಸರ್ಟಿಫಿಕೇಟ್ ಅಸಲಿಯೇ ಅಂತ ಕೆಲಸ ಕೊಡುವವರು ಎಲ್ಲಿ ನೋಡಬಹುದು ಅಂತಲೂ ಕೇಳಿ. ಆಮೇಲೆ ತಿಂಗಳು ತಿಂಗಳು ಫೀಸು ಕಟ್ಟಬಹುದಾ ಅಂತ ಕೇಳಿ. ಒಂದು ದಿನ ಸುಮ್ನೆ ಕ್ಲಾಸಿನಲ್ಲಿ ಕೂತು ನೋಡಲು ಬಿಡದಿದ್ದರೆ ಎದ್ದು ಬನ್ನಿ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮಂಡಿಪೇಟೆ ಕಡೆ ಯಾವುದಾದರೂ ಆಡಿಟರ್ ಆಫೀಸಿಗೆ ಹೋಗಿ, "ಎಂಟ್ರಿ ಹಾಕಿಕೊಡುತ್ತೇನೆ, ಎರಡು ತಿಂಗಳು ನೋಡಿ, ಆಮೇಲೆ ಸಂಬಳ ಮಾತಾಡೋಣ" ಅನ್ನುತ್ತಿದ್ದೆ. ಬಸ್ಸಿನ ಖರ್ಚಿಗಾದರೂ ಏನಾದರೂ ಕೊಡಿ ಅಂತ ಮೊದಲೇ ಕೇಳಿ. ಪೂರ್ತಿ ಪುಕ್ಕಟೆ ಬೇಡ, ಎರಡು ತಿಂಗಳ ಮೇಲೆ ಅಂತೂ ಬೇಡವೇ ಬೇಡ. ವರ್ಷದಲ್ಲಿ ಅವರಿಗೆ ಜನ ಬೇಕಾಗುವುದು ಜುಲೈಯಿಂದ ಸೆಪ್ಟೆಂಬರ್‌ವರೆಗೆ, ರಿಟರ್ನ್ ಮತ್ತು ಆಡಿಟ್ ಕಾಲ. ಅದಕ್ಕಿಂತ ಒಂದೆರಡು ತಿಂಗಳು ಮೊದಲೇ ಹೋಗಿ.

ಅಲ್ಲಿ ಎರಡು ತಿಂಗಳು ಕೂತರೆ ತಿಂಗಳ ಚಕ್ರವನ್ನು ಎರಡು ಸಲ ನೋಡುತ್ತೀರಿ. 7ಕ್ಕೆ ಟಿಡಿಎಸ್, ಅಂದರೆ ಬೇರೆಯವರಿಗೆ ದುಡ್ಡು ಕೊಡುವಾಗ ಹಿಡಿದುಕೊಂಡ ತೆರಿಗೆ, ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1. 14ಕ್ಕೆ 2ಬಿ ತಾಳೆ. 15ಕ್ಕೆ ಪಿಎಫ್ ಮತ್ತು ನೌಕರರ ಆರೋಗ್ಯ ವಿಮೆಯಾದ ಇಎಸ್‌ಐ. 20ಕ್ಕೆ ತಿಂಗಳ ತೆರಿಗೆ ಕಟ್ಟುವ ರಿಟರ್ನ್, ಜಿಎಸ್‌ಟಿಆರ್-3ಬಿ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ದಿನ, ಹಾಲಿನ ಲೆಕ್ಕ ಬರೆದ ಹಾಗೆ ಈ ತಾರೀಖುಗಳನ್ನು ಈಗಲೇ ಬರೆದಿಡಿ. ಮಂಡಿಯಲ್ಲಿ ನನ್ನನ್ನು ಉಳಿಸಿಕೊಂಡದ್ದಕ್ಕೆ ಅರ್ಧ ಕಾರಣ ನನ್ನ ಕ್ಯಾಲೆಂಡರು. ಒಂದೇ ಒಂದು ಸಲವೂ ತಡ ದಂಡ ಕಟ್ಟಿಸಲಿಲ್ಲ.

ಸರ್ಟಿಫಿಕೇಟ್ ಬೇಡ ಅಂತ ಹೇಳುತ್ತಿಲ್ಲ. ನಾನೇ 2018ರಲ್ಲಿ, 56ನೇ ವಯಸ್ಸಿನಲ್ಲಿ, ಜಿಎಸ್‌ಟಿ ಸೇರಿದ ಟ್ಯಾಲಿ ಪರೀಕ್ಷೆ ಬರೆದು ಪಾಸಾದೆ. ಆಗ ಕೆಲಸ ಕೈಯಲ್ಲಿತ್ತು. ಪ್ರಶ್ನೆ ಓದಿದರೆ ನಿನ್ನೆ ಮಾಡಿದ ಬಿಲ್ಲು ಕಣ್ಣ ಮುಂದೆ ಬರುತ್ತಿತ್ತು. ಕೆಲಸಕ್ಕೆ ಮೊದಲೇ ಬರೆದಿದ್ದರೆ ಬಾಯಿಪಾಠ ಮಾಡಬೇಕಾಗುತ್ತಿತ್ತು. ನೀವೂ ಆಡಿಟರ್ ಆಫೀಸಿಗೆ ಸೇರಿ ನಾಲ್ಕೈದು ತಿಂಗಳಾದ ಮೇಲೆ ಬರೆಯಿರಿ.

ಕಂಪ್ಯೂಟರ್ ಬರುತ್ತದೆ ಅನ್ನುವುದಕ್ಕೆ ಮೊದಲೇ ಒಂದು ಕಾಗದ ಬೇಕು ಅನಿಸಿದರೆ ಸಿಸಿಸಿ ಪರೀಕ್ಷೆ ಇದೆ. ಕೇಂದ್ರ ಸರ್ಕಾರದ ನೈಲಿಟ್ ಸಂಸ್ಥೆ ನಡೆಸುವುದು. 90 ನಿಮಿಷ, 100 ಪ್ರಶ್ನೆ, 50 ಬಂದರೆ ಪಾಸು. ವಯಸ್ಸಿನ ಮಿತಿ ಇಲ್ಲ. ಯಾವ ಇನ್‌ಸ್ಟಿಟ್ಯೂಟಿಗೂ ಸೇರದೆ ನೇರವಾಗಿ ಅರ್ಜಿ ಹಾಕಬಹುದು. ಪರೀಕ್ಷೆ ಫೀಸು 500, ಮೇಲೆ ಜಿಎಸ್‌ಟಿ ಸೇರಿ 590 ರೂಪಾಯಿ. 32,000 ಎಲ್ಲಿ, 590 ಎಲ್ಲಿ.

ಇನ್ನು ಹಳೆಯ ಟೈಪಿಂಗ್ ಸರ್ಟಿಫಿಕೇಟ್. ಅದನ್ನು ಬೀರುವಿನಿಂದ ಹೊರಗೆ ತೆಗೆಯಿರಿ. ಈಗಿನ ಹುಡುಗರಲ್ಲಿ ತುಂಬಾ ಜನ ಎರಡು ಬೆರಳಲ್ಲಿ ಕುಟ್ಟುತ್ತಾರೆ. ಕೀಬೋರ್ಡ್ ನೋಡದೆ ಹತ್ತು ಬೆರಳಲ್ಲಿ ಹೊಡೆಯುವವರು ಆಫೀಸಿನಲ್ಲಿ ಎದ್ದು ಕಾಣುತ್ತಾರೆ.

ಅದೇ ಬೀರುವಿನಲ್ಲಿ ಇನ್ನೊಂದು ಹುಡುಕಿ: ರೈಸ್ ಮಿಲ್ಲಿನಲ್ಲಿ ಪಿಎಫ್ ಹಿಡಿದಿದ್ದರೆ ಆ ನಂಬರಿನ ಚೀಟಿ. ಇದನ್ನು ನಿಮಗೆ ಬೇರೆ ಯಾರೂ ಹೇಳಲಿಕ್ಕಿಲ್ಲ, ಅದಕ್ಕೆ ಸ್ವಲ್ಪ ನಿಧಾನವಾಗಿ ಓದಿ. ಪಿಎಫ್ ಜೊತೆಗೆ ಬರುವ ಪಿಂಚಣಿಗೆ ಒಟ್ಟು 10 ವರ್ಷದ ಸೇವೆ ಬೇಕು. ಪೂರ್ತಿ ಪಿಂಚಣಿ 58ಕ್ಕೆ ಶುರು. ನೀವು 49ಕ್ಕೆ ಸೇರಿದರೆ 58ಕ್ಕೆ ಬರೀ 9 ವರ್ಷ ಆಗುತ್ತದೆ. ಒಂದು ವರ್ಷಕ್ಕೆ ತಪ್ಪಿ ಹೋಗಬಹುದು! ಆದರೆ 1998ರಿಂದ 2004ರ ಆರು ವರ್ಷದ ಪಿಂಚಣಿ ದುಡ್ಡನ್ನು ನೀವು ವಾಪಸ್ ತೆಗೆದಿರದಿದ್ದರೆ ಆ ಸೇವೆ ಹಾಗೇ ಇದೆ. ಅದನ್ನು ಸೇರಿಸಿಕೊಂಡರೆ ಇನ್ನು ನಾಲ್ಕು ವರ್ಷ ದುಡಿದರೆ 10 ತುಂಬುತ್ತದೆ. ಬಿಡುವಾಗ ಏನು ಫಾರಂ ತುಂಬಿದಿರಿ, ದುಡ್ಡು ಬಂತಾ, ಬಂದಿದ್ದರೆ ಪಿಎಫ್ ಮಾತ್ರವಾ, ಪಿಂಚಣಿಯದ್ದೂ ಸೇರಿತ್ತಾ, ಹಳೆಯ ಪಾಸ್‌ಬುಕ್ಕಿನಲ್ಲಿ ನೋಡಿ. ನಿಮ್ಮ ಕಾಲದಲ್ಲಿ ಯುಎಎನ್, ಅಂದರೆ ಕೆಲಸ ಬದಲಾದರೂ ಬದಲಾಗದ ಒಂದೇ ಪಿಎಫ್ ನಂಬರ್, ಇರಲಿಲ್ಲ, ಅದು ಬಂದದ್ದು 2014ರಲ್ಲಿ. ಹಾಗಾಗಿ ಚೀಟಿ ಹಿಡಿದುಕೊಂಡು ಪಿಎಫ್ ಕಚೇರಿಗೇ ಹೋಗಿ ವಿಚಾರಿಸಿ. ಮಿಲ್ಲಿನವರಿಂದ ಅನುಭವ ಪತ್ರವನ್ನೂ ಕೇಳಿ.

ಅದಕ್ಕೇ ಕೆಲಸ ಆರಿಸುವಾಗ ಸಂಬಳ ಒಂದನ್ನೇ ನೋಡಬೇಡಿ. ಪಿಎಫ್ ಇದೆಯಾ, ಇಎಸ್‌ಐ ಇದೆಯಾ ಕೇಳಿ. 10 ಜನಕ್ಕಿಂತ ಕಡಿಮೆ ಇರುವ ಸಣ್ಣ ಆಫೀಸಿನಲ್ಲಿ ಸಾಮಾನ್ಯವಾಗಿ ಇಎಸ್‌ಐ ಇರುವುದಿಲ್ಲ, 20ಕ್ಕಿಂತ ಕಡಿಮೆ ಇದ್ದರೆ ಪಿಎಫ್ ಕಡ್ಡಾಯ ಅಲ್ಲ. ಆಡಿಟರ್ ಆಫೀಸು ಕಲಿಯಲು ಒಳ್ಳೆಯದು, ಆದರೆ ಆಮೇಲೆ ಮಿಲ್ಲು, ಫ್ಯಾಕ್ಟರಿ, ಆಸ್ಪತ್ರೆ, ಕಾಲೇಜು ಆಫೀಸಿನಂಥ ಕಡೆ ಪ್ರಯತ್ನ ಪಡಿ. ತಿಂಗಳಿಗೆ 21,000ದ ಒಳಗಿನ ಸಂಬಳಕ್ಕೆ ಇಎಸ್‌ಐ ಅನ್ವಯ. ಅದರಲ್ಲಿ ನಿಮ್ಮ ಯಜಮಾನರಿಗೂ ಚಿಕಿತ್ಸೆಯ ಹಕ್ಕು ಬರುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ಮನೆಯಲ್ಲಿದ್ದಾಗ ಎರಡು ಸಾವಿರ ಸಂಬಳ ಜಾಸ್ತಿ ಕೊಡುವ ಕಡೆಗಿಂತ ಇಎಸ್‌ಐ ಇರುವ ಕಡೆಯೇ ನಾನು ಆರಿಸುತ್ತೇನೆ.

ಯಜಮಾನರು ಬೇಡ ಅನ್ನುವುದು ನಿಮ್ಮ ಮೇಲಿನ ಕಾಳಜಿಯಿಂದಲೇ ಇರಬಹುದು. ಅವರ ಹತ್ತಿರ ಜಗಳ ಬೇಡ. ಮೇಲಿನ ಪಿಂಚಣಿಯ ಲೆಕ್ಕವನ್ನೂ ಇಎಸ್‌ಐ ವಿಷಯವನ್ನೂ ಒಂದು ಹಾಳೆಯಲ್ಲಿ ಬರೆದು ಊಟ ಆದಮೇಲೆ ತೋರಿಸಿ. ನೀವು ಲೆಕ್ಕ ಬರೆಯುವವರಲ್ವಾ, ಲೆಕ್ಕದಲ್ಲೇ ಮಾತಾಡಿ. ಎರಡು ತಿಂಗಳಾದ ಮೇಲೆ ಏನಾಯಿತು ಅಂತ ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.

ಪ್ರಶ್ನೆ: ಮೇಡಂ, ನನಗೆ 54. ವಕೀಲರೊಬ್ಬರ ಹತ್ತಿರ ಕನ್ನಡ ಟೈಪ್‌ರೈಟರ್‌ನಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿ, ತೋಟ ನೋಡಿಕೊಳ್ಳಲು 2005ರಲ್ಲಿ ಬಿಟ್ಟೆ. ಈಗ ಬೆನ್ನುನೋವು, ತೋಟದ ಕೆಲಸ ಆಗುವುದಿಲ್ಲ. ವಕೀಲರ ಮಗ ಕರೆಯುತ್ತಿದ್ದಾರೆ, ಆದರೆ ಎಲ್ಲ ಕಂಪ್ಯೂಟರ್. ಕಲಿಯಲು ಆಗುತ್ತದಾ? ಪರೀಕ್ಷೆ ಏನಾದರೂ ಕಟ್ಟಬೇಕಾ?
– ಶಿರಸಿಯ ಓದುಗರು

ಉತ್ತರ: ಅವರೇ ಕರೆದಿದ್ದಾರೆ ಅಂದಮೇಲೆ ಪರೀಕ್ಷೆಯ ಮಾತು ಈಗ ಬೇಡ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಕನ್ನಡ ಗಣಕ ಪರಿಷತ್ತಿನವರು ಮಾಡಿದ್ದು. ಕೀಲಿಮಣೆಯ ಜೋಡಣೆ ಕೆ.ಪಿ. ರಾವ್ ಅವರದು. ಟೈಪ್‌ರೈಟರ್‌ನಲ್ಲಿ ನೀವು ಅಕ್ಷರದ ತುಂಡು ತುಂಡು ಸೇರಿಸುತ್ತಿದ್ದಿರಿ, ಒತ್ತಕ್ಷರಕ್ಕೆ ಬೇರೆ ಕೀಲಿ ಹುಡುಕುತ್ತಿದ್ದಿರಿ. ಇಲ್ಲಿ ಬಾಯಲ್ಲಿ ಹೇಳಿದ ಹಾಗೆ ಕೈ ಹೋಗುತ್ತದೆ. ಒತ್ತಕ್ಷರ ಬೇಕಾದಾಗ ನಡುವೆ ಎಫ್ ಕೀಲಿ. "ಅಮ್ಮ" ಅಂತ ಬರೆಯಲು ಎ, ಎಂ, ಎಫ್, ಎಂ. ಅಷ್ಟೇ. ಒಂದು ಹಾಳೆಯಲ್ಲಿ ಕೀಲಿಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿ, ದಿನಕ್ಕೆ ಒಂದು ಗಂಟೆ ಹೊಡೆಯಿರಿ. ಮೊದಲ ವಾರ ಹಳೆಯ ಜಾಗಕ್ಕೇ ಬೆರಳು ಓಡುತ್ತದೆ, ತಪ್ಪಾಗುತ್ತದೆ. ನಿಲ್ಲಿಸಬೇಡಿ.

ವಕೀಲರ ಕಾಗದದ ಭಾಷೆ ನಿಮಗೆ ಗೊತ್ತು. ಜಮೀನಿನ ನಾಲ್ಕು ದಿಕ್ಕಿನ ಗಡಿ, ಅಂದರೆ ಚಕ್ಕುಬಂದಿ ಬರೆಯುವಾಗ ಪೂರ್ವಕ್ಕೆ ಪಶ್ಚಿಮ ಹಾಕಿದರೆ ಏನಾಗುತ್ತದೆ ಅಂತ ಹೊಸಬರಿಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತು. ವಕೀಲರ ಮಗ ಕರೆದಿರುವುದು ಅದಕ್ಕೇ ಇರಬೇಕು. ಬೆನ್ನಿಗೆ ಗಟ್ಟಿ ಕುರ್ಚಿ ಕೇಳಿ ಪಡೆಯಿರಿ, ಸಂಕೋಚ ಬೇಡ.

ಇನ್ನೊಂದೇ ಎಚ್ಚರ. ನುಡಿಯಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಆರಿಸಿಕೊಂಡೇ ಟೈಪ್ ಮಾಡಿ. ಹಳೆಯ ಫಾಂಟಿನಲ್ಲಿ ಹೊಡೆದ ದಾವಾ ಅರ್ಜಿ ಬೇರೆ ಕಂಪ್ಯೂಟರಿಗೆ ಹೋದರೆ ಅಕ್ಷರವೆಲ್ಲ ಕಲಸಿಹೋಗಿ ಓದಲು ಬರುವುದಿಲ್ಲ. ಮೊದಲ ದಿನವೇ ಎರಡು ಸಾಲು ಹೊಡೆದು ವಕೀಲರ ಫೋನಿಗೆ ಕಳಿಸಿ, ಅಲ್ಲಿ ಸರಿಯಾಗಿ ಕಂಡರೆ ಮುಂದೆ ಹೋಗಿ.